ಹದಿನೈದನೆಯ ಸಾಲು

ಕಳೆದ ಭಾನುವಾರ, ಬೆಳಿಗ್ಗೆ ಹತ್ತೂಕಾಲು. ವಿದ್ಯಾನಗರದ ನಮ್ಮ ಮನೆಯ ಹಜಾರದಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದ ಮೇಸ್ತ್ರಿಯ ಮಗಳು. ಅವಳು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚುವ ಮೊದಲೇ ವಾಸನೆ ಬಂತು. ಯಂತ್ರದ ಎಣ್ಣೆ, ಅದರಡಿ ಸುಟ್ಟ ಮರಳು. ಇಪ್ಪತ್ತೆಂಟು ವರ್ಷ ನಾನು ಕಾರ್ಖಾನೆಯಿಂದ ಮನೆಗೆ ತರುತ್ತಿದ್ದ ಅಂಗಿಗಳ ವಾಸನೆ.

ಒಳಗೆ ಲೋಹದ ಮೇಲೆ ಗುರುತು ಹೊಡೆಯುವ, ಬೆರಳುದ್ದದ ಉಕ್ಕಿನ ಪಂಚು. ತುದಿಯಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಿದ ಒಂದು ಕನ್ನಡ ಅಕ್ಷರ. ನನ್ನ ಹೆಸರಿನ ಮೊದಲ ಅಕ್ಷರ.

"ಅಪ್ಪ ಹೋಗಿ ಮೂರು ತಿಂಗಳಾಯ್ತಲ್ಲ ಅಂಕಲ್, ಅವರ ಚೀನಾ ಪೆಟ್ಟಿಗೆ ಈಗ ಬಿಚ್ಚಿದ್ವಿ. ಇದು ನಿಮಗೆ ಸೇರ್ಬೇಕು ಅಂದ್ರು ಅಮ್ಮ."

ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಮೇಸ್ತ್ರಿಗೂ ನನಗೂ ನಡುವೆ ಒಂದೇ ಗೋಡೆ. ಅವನು ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದ. ನಾನು ತಪಾಸಣೆ ವಿಭಾಗದಲ್ಲಿ. ನಾನು ಏಳುತ್ತಿದ್ದದ್ದು ನಾಲ್ಕೂವರೆಗೆ, ಮುಂಬಾಗಿಲು ತೆಗೆಯುತ್ತಿದ್ದದ್ದು ಐದೂವರೆಗೆ. ಅವನ ಮನೆಯಲ್ಲಿ ಗಡಿಯಾರ ಕೆಟ್ಟು ಎಷ್ಟೋ ವರ್ಷವಾಗಿತ್ತು. "ಸಾರ್ ಬಾಗಿಲು ತೆಗೆದ್ರು, ಏಳೇ," ಎಂದು ಹೆಂಡತಿಯನ್ನು ಎಬ್ಬಿಸುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅವನು ಎರಕ ಹೊಯ್ದ ತುಂಡು ನನ್ನ ಮೇಜಿಗೆ ಬರುತ್ತಿತ್ತು. ಅಳತೆ ಸರಿಯಿದ್ದರೆ ನಾನು ನನ್ನ ಪಂಚು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ಆ ಗುರುತು ಬೀಳದೆ ಒಂದು ತುಂಡೂ ಹೊರಗೆ ಹೋಗುವಂತಿರಲಿಲ್ಲ.

ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಾಗ ಇಬ್ಬರೂ ಒಂದೇ ವಾರ ಸ್ವಯಂ ನಿವೃತ್ತಿ ತೆಗೆದುಕೊಂಡೆವು. ನನ್ನ ಪಂಚನ್ನು ಸ್ಟೋರಿಗೆ ಒಪ್ಪಿಸಿ ರಸೀದಿ ಪಡೆದೆ. ಆಗ ಕೊಯಮತ್ತೂರಿನ ಪಂಪ್ ಕಂಪನಿಯೊಂದು ಚೀನಾದಲ್ಲಿ ಎರಕ ಹೊಯ್ಸುತ್ತಿದೆ, ಹಡಗಿಗೆ ಹೋಗುವ ಮೊದಲು ತುಂಡುಗಳನ್ನು ಪರೀಕ್ಷಿಸಲು ಅಲ್ಲೇ ನೆಲೆಸುವ ಮನುಷ್ಯ ಬೇಕಾಗಿದ್ದಾನೆ ಎಂದು ತಿಳಿಯಿತು. ನಾನು ಪಾಸ್‌ಪೋರ್ಟ್ ಮಾಡಿಸಿದೆ. ಪುಸ್ತಕ ತರಿಸಿ ಚೀನೀ ಭಾಷೆಯಲ್ಲಿ ನೂರರವರೆಗೆ ಎಣಿಸಲು ಕಲಿತೆ. ಸಂದರ್ಶನ ಬೆಂಗಳೂರಿನಲ್ಲಿತ್ತು.

"ಒಬ್ರೇ ಹೋಗ್ತೀರಾ ಸಾರ್? ನಾನೂ ಬರ್ತೀನಿ, ರೈಲಲ್ಲಿ ಮಾತಾಡೋಕೆ ಜನ ಬೇಡ್ವಾ," ಎಂದ ಮೇಸ್ತ್ರಿ. ಬಂದ.

ಮೇಜಿನ ಮೇಲೆ ಪಂಪಿನ ನಾಲ್ಕು ಎರಕಗಳನ್ನಿಟ್ಟು ಪರೀಕ್ಷಿಸಿ ಎಂದರು. ನಾನು ಗೇಜು ತೆಗೆದು ಅರ್ಧ ಗಂಟೆ ಅಳೆದು, ನಾಲ್ಕೂ ಸರಿ ಎಂದು ಬರೆದು ಸಹಿ ಹಾಕಿದೆ. ಹಿಂದಿನ ಕುರ್ಚಿಯಲ್ಲಿದ್ದ ಮೇಸ್ತ್ರಿಗೆ ಕೈ ಸುಮ್ಮನಿರಲಿಲ್ಲ. ಎದ್ದು ಬಂದು ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಒಂದೊಂದನ್ನೂ ತಟ್ಟಿದ. ನನ್ನ ಕಿವಿಯ ಹತ್ತಿರ, "ಸಾರ್, ಮೂರನೇದು ಒಳಗೆ ಟೊಳ್ಳು ಇದ್ದಂಗಿದೆ," ಎಂದ. ಪಿಸುಮಾತೇ. ಆದರೆ ಎದುರಿಗಿದ್ದ ಪಂಪ್ ಕಂಪನಿಯ ಮಾಲೀಕರಿಗೆ ಕೇಳಿಸಿತು. ಒಡೆಸಿ ನೋಡಿದರೆ ಮೂರನೆಯದು ಟೊಳ್ಳಾಗಿತ್ತು. ಚೀನಾಕ್ಕೆ ಮೇಸ್ತ್ರಿಯೇ ಹೋಗಲಿ ಎಂದರು.

"ಸಾರನ್ನೇ ಕಳಿಸಿ, ನಂಗೆ ಇಂಗ್ಲಿಷೇ ಬರಲ್ಲ," ಎಂದು ಅವನು ಎಷ್ಟೋ ಬಾರಿ ಹೇಳಿದ. ಮಾಲೀಕರು ನಕ್ಕರು. "ಅಲ್ಲಿ ಯಾರಿಗೆ ಬರುತ್ತಪ್ಪ?"

ವಾಪಸು ಬರುವಾಗ ರೈಲಿನಲ್ಲಿ ಅವನು ಕಿಟಕಿಯ ಕಡೆ ತಿರುಗಿ ಕೂತ. ನಾನು ಪೇಪರ್ ಬಿಡಿಸಿದೆ.

ಹೊರಡುವ ಹಿಂದಿನ ವಾರ ಒಂದು ನೋಟ್‌ಬುಕ್ ಹಿಡಿದು ಬಂದ. "ನಾನು ಅಚ್ಚು ಕಟ್ಟಿದವನು ಸಾರ್, ಪರೀಕ್ಷೆ ಮಾಡಿದವನಲ್ಲ. ಒಂದಾದ ಮೇಲೆ ಒಂದು ಏನು ಮಾಡ್ಬೇಕು, ನಿಮ್ಮ ಕ್ರಮದಲ್ಲಿ ಬರ್ಕೊಡಿ." ನಾನು ಹದಿನಾಲ್ಕು ಸಾಲು ಬರೆದುಕೊಟ್ಟೆ. ಹದಿನೈದನೆಯದನ್ನು ಬರೆಯಲಿಲ್ಲ. ಒಪ್ಪಿದ ಪ್ರತಿ ತುಂಡಿಗೂ ನಿನ್ನದೇ ಗುರುತು ಹೊಡೆ, ಇಲ್ಲದಿದ್ದರೆ ನೀನು ಬೇಡವೆಂದದ್ದು ನಿನ್ನ ಬೆನ್ನ ಹಿಂದೆ ಪೆಟ್ಟಿಗೆ ಸೇರುತ್ತದೆ ಎಂಬ ಸಾಲು. ಪೆನ್ನು ಹಾಳೆಯ ಮೇಲೆಯೇ ಇತ್ತು. ಕ್ಯಾಪು ಹಾಕಿದೆ.

ಅವನು ಹೋದ. ಊರಿನ ಹೆಸರು ನನಗೆ ಉಚ್ಚರಿಸಲು ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುತ್ತಿದ್ದ. ಅಲ್ಲಿ ಎಲ್ಲರೂ ದಿನವಿಡೀ ಬಿಸಿನೀರು ಕುಡಿಯುತ್ತಾರೆ, ತಾನೂ ಫ್ಲಾಸ್ಕ್ ಹಿಡಿದು ತಿರುಗುತ್ತೇನೆ ಎಂದ. ಫೌಂಡ್ರಿ ಮಾಲೀಕನ ತಾಯಿ ಇವನ ಸಾರಿನ ಘಾಟಿಗೆ ಕೆಮ್ಮುತ್ತಲೇ ಎರಡನೇ ಬಟ್ಟಲು ಕೇಳಿದಳಂತೆ. ಮಾತು ಬಾರದಿದ್ದರೂ ತುಂಡು ತಟ್ಟಿ ಮುಖ ಹುಳಿ ಮಾಡಿದರೆ ಅವರಿಗೆ ಅರ್ಥವಾಗುತ್ತದಂತೆ. "ಮರಳು ಎಲ್ಲಾ ಕಡೆ ಮರಳೇ ಸಾರ್." ನನ್ನ ಹೆಂಡತಿ ನಗುತ್ತಾ ಕೇಳುತ್ತಿದ್ದಳು. ನಾನು ಆ ಹೊತ್ತಿಗೆ ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದೆ.

ಐದನೆಯ ತಿಂಗಳು ನನಗೇ ಫೋನ್ ಮಾಡಿದ. "ಸಾರ್, ನಾನು ಬೇಡ ಅಂತ ಎತ್ತಿಟ್ಟಿದ್ದೇ ಪೆಟ್ಟಿಗೆ ಸೇರಿ ಕೊಯಮತ್ತೂರಿಗೆ ಹೋಗಿದೆ. ಕಿವಿ ಕೆಡ್ತೇನಯ್ಯ, ವಾಪಸ್ ಬಾ ಅಂತಿದಾರೆ ಮಾಲೀಕರು. ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ಯೋಚಿಸಿ ಹೇಳ್ತೀನಿ," ಎಂದೆ. ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟೆ. ಕಂಪನಿಯವರು ಈಗ ನನ್ನನ್ನು ಕರೆಯುತ್ತಾರೆ ಎಂದು ಎರಡು ದಿನ ಫೋನಿನ ಪಕ್ಕದಲ್ಲಿ ಕೂತೆ. ಕರೆಯಲಿಲ್ಲ. ಮೂರನೆಯ ದಿನ ಅವನಿಗೆ ಹೇಳಿದೆ, "ಪಂಚು ಹೊಡಿ."

"ಅಯ್ಯೋ, ನಿಮ್ಮ ಕೈಯಲ್ಲಿ ದಿನಾ ನೋಡಿದ್ನಲ್ಲ ಸಾರ್... ಮರ್ತೇ ಹೋಗಿದ್ದೆ," ಎಂದ. ಮರೆತವನು ತಾನೇ ಎಂಬಂತೆ. ಕೆಲಸ ಉಳಿಯಿತು. ಏಳು ವರ್ಷ ಅಲ್ಲಿದ್ದ.

ಭಾನುವಾರ ಅವನ ಮಗಳು ಗಂಟಿನೊಳಗಿಂದ, ನೋಟ್‌ಬುಕ್ಕಿನಿಂದ ಹರಿದಿಟ್ಟಿದ್ದ ನನ್ನ ಪಟ್ಟಿಯನ್ನೂ ತೆಗೆದಳು. ಪ್ಲಾಸ್ಟಿಕ್ ಹೊದಿಸಿದ್ದ. ಹದಿನಾಲ್ಕು ಸಾಲು ನನ್ನ ಅಕ್ಷರ, ಹದಿನೈದನೆಯದು ಅವನ ಸೊಟ್ಟ ಅಕ್ಷರ.

"ಅಲ್ಲಿ ಮುದ್ರೆ ಕೆತ್ತೋನಿಗೆ ಕಾಗದದ ಮೇಲೆ ನಿಮ್ಮ ಹೆಸರಿನ ಅಕ್ಷರ ಬರೆದು ತೋರಿಸಿದ್ರಂತೆ ಅಂಕಲ್. ಪಟ್ಟಿ ಸಾರ್ದು, ಪಾಸ್ ಮಾಡೋದೂ ಸಾರೇ ಅಂತಿದ್ರು."

"ಈ ಒಂದು ಸಾಲು ಮಾತ್ರ ಅವನೇ ಬರ್ಕೊಂಡಿದ್ದಾನಲ್ಲ?" ನನ್ನ ಹೆಂಡತಿ ಕೇಳಿದಳು.

"ಅದನ್ನ ಅಂಕಲ್ ಬರೆಯೋಕೆ ಮರ್ತಿದ್ರಂತೆ ಆಂಟಿ. ಅಪ್ಪ ಹಂಗೇ ಅಂತಿದ್ರು. ಅಮ್ಮ ಮಾತ್ರ ಒಪ್ತಿರಲಿಲ್ಲ. ಹಾಲಿನವನು ಎರಡು ನಿಮಿಷ ತಡ ಮಾಡಿದ್ದನ್ನೇ ಮರೆಯದ ಮನುಷ್ಯ, ಇದನ್ನ ಮರೀತಾರಾ ಅಂತ."

ಹೇಳಿದ ಮೇಲೆ ಅವಳಿಗೆ ಮುಜುಗರವಾಯಿತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಊಟಕ್ಕೆ ಎಲೆ ಹಾಕು ಎಂದೆ.

ನಾಲ್ಕು ಗಂಟೆ ನಲವತ್ತಕ್ಕೆ ಅವಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದೆ. ಭದ್ರಾವತಿಯ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಹೇಳಿದೆ, "ನಾನು ಮರ್ತಿರಲಿಲ್ಲ, ಮಗು."

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಬಸ್ಸು ಬಂದು ನಿಂತಿತು.

"ಅಮ್ಮಂಗೆ ಹೇಳ್ಲಾ ಅಂಕಲ್?"

"ಹೇಳು," ಎಂದೆ.

ಹೊಟ್ಟೆಕಿಚ್ಚು ಅಲ್ಲಿಗೆ ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಇವತ್ತಿಗೂ ಒಂದೂ ಮುದ್ರೆಯಿಲ್ಲ. ನಾನು ಕಾಣದ ಊರಿನಲ್ಲಿ ಏಳು ವರ್ಷ ನನ್ನ ಅಕ್ಷರ ಬಿದ್ದಿದೆ, ಹೊಡೆದ ಕೈ ಅವನದು. ಆ ಕೈ ಈಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಅದರ ಸದ್ದು ಯಾರಿಗೂ ಗಡಿಯಾರವಲ್ಲ ಎಂಬುದು ಕ್ವಾರ್ಟರ್ಸ್ ಬಿಟ್ಟಾಗಲೇ ಗೊತ್ತಿತ್ತು, ಮನಸ್ಸಿಗೆ ತಟ್ಟುತ್ತಿರುವುದು ಮೂರು ತಿಂಗಳಿಂದ...

ಮನೆಗೆ ಬಂದು ಸೀಸದ ಒಂದು ತುಂಡಿನ ಮೇಲೆ ಪಂಚು ಇಟ್ಟು ಹೊಡೆದೆ. ಅಕ್ಷರ ಬಿತ್ತು, ಅಂಚು ಸವೆದಿದೆ. ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಅದೇ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಆರು ಗಂಟೆ ಐದು ನಿಮಿಷ.