ಕೊಟ್ರಪ್ಪನ ಕುರ್ಚಿಯೂ ಖರೇ ಪುಸ್ತಕಗಳೂ

ಮಕ್ಕಳಿಗೆ ಯಾವ ಪುಸ್ತಕ ಕೊಡಿಸಬೇಕು ಎಂಬ ಪ್ರಶ್ನೆ ಎದ್ದರೆ ಕೂಡ್ಲಿಗಿಯ ಜನ ಗ್ರಂಥಾಲಯಕ್ಕೂ ಹೋಗುವುದಿಲ್ಲ, ಶಾಲೆಗೂ ಹೋಗುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಕೊಟ್ರಪ್ಪನ ಕಟಿಂಗ್ ಶಾಪಿಗೆ ಬರುತ್ತಾರೆ. ಹಾಗೆಂದು ಕೊಟ್ರಪ್ಪನೇ ಹೇಳುತ್ತಾನೆ. ಪೂರ್ತಿ ಸುಳ್ಳಲ್ಲ. ಜನ ಬರುವುದು ಕಟಿಂಗಿಗೆ; ಪುಸ್ತಕದ ಸಲಹೆ ಅವರ ಕೊರಳಿಗೆ ಬಟ್ಟೆ ಕಟ್ಟಿದ ಮೇಲೆ ಶುರುವಾಗುತ್ತದೆ. ಆಗ ಎದ್ದು ಹೋಗುವ ಹಾಗಿರುವುದಿಲ್ಲ.

ಅವನು ತಂಬ್ರಹಳ್ಳಿಯವನು. ಅಪ್ಪ ಕ್ಷೌರದ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದ. ಮಗ ತಿರುಗುವ ಕುರ್ಚಿ, ಎದುರುಬದುರು ಕನ್ನಡಿ ಹಾಕಿ ಕೂಡ್ಲಿಗಿಯಲ್ಲಿ ಕೂತ. ದೊಡ್ಡವರ ತಲೆ ಅವನಿಗೆ ಯಾವತ್ತೂ ಕಷ್ಟವಾಗಲಿಲ್ಲ. ಅದನ್ನು ಎಡಕ್ಕೆ ಒತ್ತಿದರೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ ಹೋಗುತ್ತದೆ, ರಾಜಕೀಯ ಮಾತಾಡಿದರೆ ತನ್ನಷ್ಟಕ್ಕೆ ಅಲ್ಲಾಡುತ್ತದೆ. ಕಷ್ಟ ಕೊಟ್ಟದ್ದು ಮಕ್ಕಳ ತಲೆ. ಅಪ್ಪ ಕೈ ಹಿಡಿಯಬೇಕು, ಅವ್ವ ಕಾಲು ಹಿಡಿಯಬೇಕು, ಕೊಟ್ರಪ್ಪ ಉಸಿರು ಹಿಡಿಯಬೇಕು.

ಹೊಸಪೇಟೆ ಬಸ್ಸು ಬಂತೆಂದು ಓಡಿದ ಗಿರಾಕಿಯೊಬ್ಬ ಒಂದು ದಿನ ಬೆಂಚಿನ ಮೇಲೆ ಚಿತ್ರಪುಸ್ತಕ ಮರೆತು ಹೋದ. ಇರುವೆಗಳ ಪುಸ್ತಕ. ಓಣಿ ಕಿತ್ತುಹೋಗುವಂತೆ ಅರಚುತ್ತಿದ್ದ ಹುಡುಗನೊಬ್ಬನ ತೊಡೆಯ ಮೇಲೆ ಕೊಟ್ರಪ್ಪ ಅದನ್ನು ಇಟ್ಟ. ಇರುವೆಯ ಗೂಡಿನೊಳಗೆ ಏನೇನಿದೆ ಎಂದು ನೋಡಲು ಹುಡುಗ ಗದ್ದವನ್ನು ಎದೆಗೆ ಹಚ್ಚಿದ. ಕುತ್ತಿಗೆಯ ಹಿಂಬದಿ ಹಸನಾದ ಹೊಲದಂತೆ ಕೊಟ್ರಪ್ಪನ ಮುಂದೆ ಹರಡಿಕೊಂಡಿತು. ಅವತ್ತೇ ಅವನೊಳಗೊಬ್ಬ ಪಂಡಿತ ಹುಟ್ಟಿದ್ದು.

ಈಗ ಕನ್ನಡಿಯ ಕೆಳಗಿನ ಹಲಗೆಯಲ್ಲಿ ಪೌಡರ್ ಡಬ್ಬಿಗಳ ಪಕ್ಕ ಪುಸ್ತಕಗಳ ಸಾಲಿದೆ. ಹಿಂದಲೆ ಕತ್ತರಿಸುವಾಗ ಇರುವೆ. ಮುಂದಿನ ಕೂದಲಿಗೆ ನಕ್ಷತ್ರ. ಅದನ್ನು ಅವನೇ ಎತ್ತರದಲ್ಲಿ ಹಿಡಿಯುತ್ತಾನೆ, ಮುಖ ಮೇಲಕ್ಕೆ ಬರುತ್ತದೆ. ಕಿವಿಯ ಸುತ್ತ ಕೆಲಸವಿದ್ದರೆ ರೈಲು. ಬೋಗಿ ಎಣಿಸುತ್ತ ಎಣಿಸುತ್ತ ಮಗುವಿನ ತಲೆ ತಾನೇ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಎಲ್ಲವೂ ಇದ್ದದ್ದು ಇದ್ದಂತೆ ಹೇಳುವ ಪುಸ್ತಕಗಳು. ಅವುಗಳಿಗೆ ಅವನಿಟ್ಟ ಹೆಸರು ಖರೇ ಪುಸ್ತಕ. ಕಥೆ ಪುಸ್ತಕಕ್ಕೆ ಆ ಹಲಗೆಯ ಮೇಲೆ ಜಾಗವಿಲ್ಲ.

ಈ ವಿಷಯದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯ ವೀರಭದ್ರಯ್ಯನವರಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅವರು ಪ್ರತಿ ಭಾನುವಾರ ಪೇಪರ್ ಓದಲು ಬಂದು ಬೆಂಚಿನ ತುದಿ ಹಿಡಿಯುತ್ತಾರೆ.

“ಲೇ ಕೊಟ್ರಾ, ಮಕ್ಕಳಿಗೆ ನೀತಿಕಥಿ ಬೇಕಲೇ. ಇರಿವಿ ಕಾಲು ಎಣಿಸಿ ಏನ್ ಉದ್ಧಾರ ಆಗ್ತಾರ?”

“ಸರ, ಕಥಿಯೊಳಗ ನರಿ ಬಾವಿಗೆ ಬಿತ್ತು ಅಂದ್ರ ಹುಡುಗ ನಗ್ತಾನ. ಹುಡುಗ ನಕ್ಕ ಅಂದ್ರ ತಲಿ ಅಲುಗ್ತೈತಿ. ತಲಿ ಅಲುಗಿತು ಅಂದ್ರ ನನ್ನ ಕೈಯಾಗ ಕಿವಿ ಬರ್ತೈತಿ. ನೀತಿ ನೀವು ಇಟ್ಕೊಳ್ರಿ, ಕಿವಿ ಅವಂಗಿರ್ಲಿ.”

ತಂದೆತಾಯಿಗಳು ಪುಸ್ತಕದ ಹೆಸರು ಬರೆದುಕೊಳ್ಳತೊಡಗಿದ ಮೇಲೆ ಕೊಟ್ರಪ್ಪನ ಪಾಂಡಿತ್ಯ ಕತ್ತರಿಯನ್ನು ದಾಟಿ ಬೆಳೆಯಿತು. ಮಗುವಿನ ನೆತ್ತಿಯ ಸುಳಿ ನೋಡಿ ಪುಸ್ತಕ ಹೇಳುವ ಶಾಸ್ತ್ರವೊಂದನ್ನು ಅವನೇ ಕಟ್ಟಿದ. ಎರಡು ಸುಳಿಯಿದ್ದರೆ ಎರಡು ಮದುವೆ ಎಂದು ಊರು ನಗುತ್ತಿದ್ದರೆ ಅವನು, “ಎರಡು ಸುಳಿ ಅಂದ್ರ ಯಂತ್ರದ ತಲಿ. ಟ್ರ್ಯಾಕ್ಟರ್ ಪುಸ್ತಕ ಕೊಡಸ್ರಿ, ಇಂಜಿನ್ ಬಿಚ್ಚಿ ತೋರಿಸಿರಬೇಕು” ಎನ್ನುತ್ತಿದ್ದ. ಹೆಣ್ಣುಮಕ್ಕಳ ಜಡೆ ಬಿಚ್ಚಿಸುವ ಹಾಗಿಲ್ಲವಲ್ಲ, ಅವರಿಗೆ ಬೈತಲೆ ನೋಡಿಯೇ ಹೇಳುತ್ತಿದ್ದ.

ಅಂಥ ಒಂದು ಭಾನುವಾರ ಸರ್ಕಾರಿ ಆಸ್ಪತ್ರೆಯ ನರ್ಸ್ ಪುಷ್ಪಲತಾ ಮಗನನ್ನು ಕರೆದುಕೊಂಡು ಬಂದಳು. ನಂದೀಶ, ಒಂದನೇ ಇಯತ್ತೆ. ಕೂದಲು ಕಣ್ಣು ದಾಟಿ ಮೂಗಿಗೆ ಬಂದಿತ್ತು. ಹುಡುಗ ಅದರ ಸಂದಿಯಿಂದ ಲೋಕವನ್ನು ನೋಡುತ್ತಿದ್ದ.

“ಒಂದು ವರ್ಷ ಆತು ಕೊಟ್ರಪ್ಪಣ್ಣ, ಕತ್ತರಿ ಹತ್ರ ಬಿಟ್ಟಿಲ್ಲ. ಮಲಗಿದ್ದಾಗ ಕತ್ತರಿಸಾಕ ಹೋದ್ರ ಎದ್ದು ಊರು ಒಂದು ಮಾಡಿದ. ಈಗ ತಲಿಗೆ ಟವೆಲ್ ಸುತ್ಕೊಂಡು ಮಲಗ್ತಾನ. ಬೋರ್ಡಿನ ಮ್ಯಾಲಿನ ಅಕ್ಷರ ಕಾಣವಲ್ದು, ಕಟಿಂಗ್ ಮಾಡಿಸದ ಕಳಿಸಬ್ಯಾಡ್ರಿ ಅಂತ ಟೀಚರ್ ಹೇಳ್ಯಾರ. ಒತ್ತಿ ಹಿಡಿದು ಮಾಡ್ಸಾಕ ನನಗ ಜೀವ ಒಪ್ಪವಲ್ದು.”

ಕೊಟ್ರಪ್ಪ ಬೆಂಚಿನ ಕಡೆಗೊಮ್ಮೆ ನೋಡಿದ. ಕೇಳಿಸಿಕೊಳ್ಳುವವರು ಸಾಕಷ್ಟಿದ್ದರು.

“ಹಿಡಿಯೋದು ಯಾಕ್ರಿ ಅಕ್ಕಾರ? ಈ ಕುರ್ಚಿ ಮ್ಯಾಲ ಪುಸ್ತಕ ಹಿಡ್ಕೊಂಡು ಅತ್ತ ಹುಡುಗ ಇನ್ನ ಹುಟ್ಟಿಲ್ಲ. ಅತ್ತರ ನಾಳಿಂದ ನಾನು ಪುಸ್ತಕದ ಸುದ್ದಿ ಎತ್ತಂಗಿಲ್ಲ.”

“ಎಲ್ಲಾರೂ ಕೇಳ್ಕೊಂಡ್ರಿಲ್ಲೋ?” ಎಂದರು ವೀರಭದ್ರಯ್ಯ, ಪೇಪರ್ ಮಡಿಸುತ್ತ.

ನಂದೀಶ ಸಲೀಸಾಗಿ ಕೂತ. ರೈಲಿನ ಬೋಗಿ ಎಣಿಸಿದ, ಗಾರ್ಡಿನ ಡಬ್ಬಿ ಯಾಕೆ ಹಿಂದಿದೆ ಎಂದೂ ಕೇಳಿದ. ಕತ್ತರಿ ಕಚಕ್ ಎಂದದ್ದೇ ತಡ, ಎರಡೂ ಕೈ ತಲೆಯ ಮೇಲೆ. ಇರುವೆಗೂ ಅಷ್ಟೇ: ಪುಸ್ತಕ ತೊಡೆಯ ಮೇಲೆ, ಕಣ್ಣು ಪುಸ್ತಕದ ಮೇಲೆ, ಕೈ ಮಾತ್ರ ತಲೆಯ ಮೇಲೆ. ಕೊಟ್ರಪ್ಪ ಬೆರಳು ಸರಿಸಿ ಸುಳಿ ಹುಡುಕಲು ನೋಡಿದ. ಅದಕ್ಕೂ ಹುಡುಗ ಬಿಡಲಿಲ್ಲ. ಶಾಸ್ತ್ರ ಕೈಕೊಟ್ಟಿತು. ಕೊನೆಗೆ ನಕ್ಷತ್ರಗಳನ್ನು ಎತ್ತಿ ಹಿಡಿದ.

ನಂದೀಶ ಕೂದಲು ಸರಿಸಿ ಹಾಳೆಯನ್ನು ಬಹಳ ಹೊತ್ತು ನೋಡಿದ. “ನಮ್ಮಜ್ಜ ಎಲ್ಲಿ ಅದಾನ?”

“ಯಾವ ಅಜ್ಜಪ್ಪ?”

“ಹುಲುಗಪ್ಪಜ್ಜ. ಸತ್ತು ಆಕಾಶದಾಗ ಚಿಕ್ಕಿ ಆಗ್ಯಾನಂತ.”

ಪುಷ್ಪಲತಾ ಕೈಸನ್ನೆ ಮಾಡಿದಳು. ಕೊಟ್ರಪ್ಪ ನೋಡಲಿಲ್ಲ. ಖರೇ ಪುಸ್ತಕ ಕೈಯಲ್ಲಿದ್ದಾಗ ಅವನು ಯಾರ ಸನ್ನೆಯನ್ನೂ ನೋಡುವವನಲ್ಲ.

“ಚಿಕ್ಕಿ ಅಂದ್ರ ಉರಿಯೋ ಗಾಳಿ ಗುಂಡು ತಮ್ಮಾ. ಇಲ್ಲಿ ಬರದೈತಿ ನೋಡು. ಅಲ್ಲಿ ಯಾವ ಅಜ್ಜನೂ ಇರಂಗಿಲ್ಲ.”

ನಂದೀಶ ಅತ್ತ. ಸಾಧಾರಣ ಅಳುವಲ್ಲ, ಪಕ್ಕದ ಹೋಟೆಲಿನವನು ದೋಸೆ ಸೌಟು ಹಿಡಿದೇ ಬಂದು ಇಣುಕುವಂಥ ಅಳು.

“ಏನಣ್ಣ ನೀನು! ಖರೇ ಅಂತ ಹಿಂಗ ಮುಖಕ್ಕ ಹೊಡೀತಾರೇನು?” ಎಂದು ಪುಷ್ಪಲತಾ ಮಗನನ್ನು ತಬ್ಬಿಕೊಂಡಳು.

ವೀರಭದ್ರಯ್ಯ ಬಾಯಿ ತೆರೆದರು. ಪುಣ್ಯಕ್ಕೆ ಕೊಟ್ರಪ್ಪನ ಮುಖ ನೋಡಿ ಮತ್ತೆ ಮುಚ್ಚಿದರು.

ಕೊಟ್ರಪ್ಪ ಕತ್ತರಿ ಕೆಳಗಿಟ್ಟ. ಹೇಳುವುದಷ್ಟೇ ಅಭ್ಯಾಸವಿದ್ದ ಆ ಬಾಯಿಗೆ ಕೇಳುವುದು ಹೊಸದು. ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ತಮ್ಮಾ, ಕತ್ತರಿ ಅಂದ್ರ ಯಾಕ ಅಂಜಿಕಿ? ಚುಚ್ಚತೈತಿ ಅಂತನಾ?” ಎಂದ.

“ಚುಚ್ಚಂಗಿಲ್ಲ. ನನಗ ಗೊತ್ತೈತಿ.” ಹುಡುಗ ಸೊರ್ರೆಂದು ಮೂಗು ಎಳೆದುಕೊಂಡ. “ಅಪ್ಪ ತಲಿ ಬೋಳಿಸಿಕೊಂಡ, ಅಪ್ಪನ ಅಪ್ಪ ಹೋದ. ನನ್ನ ತಲಿ ಮಾಡಿದ್ರ ನಮ್ಮಪ್ಪ ಹೋಗ್ತಾನ.”



ಹಿಂದಿನ ವರ್ಷ ಹುಲುಗಪ್ಪ ತೀರಿಕೊಂಡಾಗ ನಂದೀಶ ಕೊಟ್ಟೂರಿನ ಸೋದರಮಾವನ ಮನೆಯಲ್ಲಿದ್ದ. ಕರೆತಂದಾಗ ಬಾಗಿಲಲ್ಲಿ ಅವನು ಮೊದಲು ಕಂಡದ್ದು ಅಪ್ಪನ ಬೋಳು ತಲೆ; ಅಜ್ಜ ಇಲ್ಲವೆಂದು ತಿಳಿದದ್ದು ಆಮೇಲೆ. ಅವನು ಕಂಡ ಕ್ರಮ ಅದು. ಲೆಕ್ಕ ತಪ್ಪಾಗಿತ್ತು, ಆದರೆ ಕೂಡಿಸಿದ ರೀತಿಯಲ್ಲಿ ಯಾವ ಮೇಷ್ಟ್ರೂ ತಪ್ಪು ಹುಡುಕುವಂತಿರಲಿಲ್ಲ. ಮೇಲಾಗಿ ಅವನ ಅಪ್ಪ ಕ್ರಾಂತಿಕುಮಾರ್ ಲೈನ್‌ಮನ್. ದಿನವೂ ಕರೆಂಟಿನ ಕಂಬ ಹತ್ತುವವನು. ಅಪ್ಪನನ್ನು ಉಳಿಸಿಕೊಳ್ಳಲು ಒಂದು ವರ್ಷದಿಂದ ಈ ಹುಡುಗ ಟವೆಲ್ ಸುತ್ತಿಕೊಂಡು ತಲೆ ಕಾದಿದ್ದ. ಪುಷ್ಪಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊಟ್ರಪ್ಪ ಎದ್ದು ಹಲಗೆಯ ಪುಸ್ತಕಗಳನ್ನೆಲ್ಲ ಸರಿಸಿ, ಹಿಂದಿನಿಂದ ಒಂದನ್ನು ಎಳೆದ. ಕುರಿಯ ಮೈಮೇಲಿನ ಉಣ್ಣೆ ಕಂಬಳಿಯಾಗುವ ಪುಸ್ತಕ. ಈ ಸಲ ಯಾವ ಎತ್ತರದಲ್ಲೂ ಹಿಡಿಯದೆ ಹುಡುಗನ ಕೈಗೇ ಕೊಟ್ಟ. ಒಂದು ಹಾಳೆಯಲ್ಲಿ ಮೈತುಂಬ ಉಣ್ಣೆಯ ಕುರಿ. ಮುಂದಿನದರಲ್ಲಿ ಕುರುಬಜ್ಜನ ಕೈಯಲ್ಲಿ ದೊಡ್ಡ ಕತ್ತರಿ. ಅದರ ಮುಂದೆ ಬೋಳಾದ ಕುರಿ, ಹುಲ್ಲು ಮೇಯುತ್ತ.

“ಸತ್ತಿಲ್ಲ,” ಎಂದ ನಂದೀಶ.

“ಎಲ್ಲಿ ಸಾಯ್ತೈತಿ? ಹಗುರಾಗೈತಿ.”

“ಇದರ ಅಪ್ಪ?”

ಚಿತ್ರದಲ್ಲಿ ಕುರಿಯ ಹಿಂದೆ ಕೊಂಬು ತಿರುವಿಕೊಂಡ ಟಗರೊಂದು ನಿಂತಿತ್ತು. ಇದೇ ಅದರಪ್ಪ ಎಂದರೆ ಕೆಲಸ ಮುಗಿಯುತ್ತಿತ್ತು. ಕೊಟ್ರಪ್ಪನ ನಾಲಿಗೆಯ ತುದಿಗೆ ಬಂದದ್ದೂ ಅದೇ. ಬೆಂಚು ಪೂರ್ತಿ ಅವನ ಬಾಯಿ ನೋಡುತ್ತಿತ್ತು.

“ಟಗರು ಚಲೋ ಐತಿ. ಅಪ್ಪನೋ ದೊಡ್ಡಪ್ಪನೋ, ಪುಸ್ತಕದಾಗ ಬರದಿಲ್ಲ ತಮ್ಮಾ.”

ನಂದೀಶ ಪುಸ್ತಕವನ್ನು ತೊಡೆಯ ಮೇಲಿಟ್ಟು, ಎರಡೂ ಕೈ ಮತ್ತೆ ತಲೆಯ ಮೇಲಿಟ್ಟುಕೊಂಡು ಯೋಚಿಸಿದ. “ಹಂಗಾದ್ರ ನಮ್ಮಪ್ಪಗ ಫೋನ್ ಹಚ್ಚು.”

ಪುಷ್ಪಲತಾ ಫೋನನ್ನು ಸ್ಪೀಕರಿಗೆ ಹಾಕಿ ಮಗನ ಎದುರು ಹಿಡಿದಳು. ಕ್ರಾಂತಿಕುಮಾರ್ ಅವತ್ತು ಹರಪನಹಳ್ಳಿ ಕಡೆ ಡ್ಯೂಟಿಯಲ್ಲಿದ್ದ.

“ಅಪ್ಪಾ, ಅದೀಯಾ?”

“ಅದೀನಿ ಹೇಳಪ್ಪ.”

ನಂದೀಶ ತಲೆಯ ಮೇಲಿಂದ ಒಂದು ಕೈ ತೆಗೆದ. ಕೊಟ್ರಪ್ಪ ಕತ್ತರಿಯೆತ್ತಿ ಒಂದೇ ಒಂದು ಎಳೆ ಕತ್ತರಿಸಿದ.

“ಈಗ ಅದೀಯಾ?”

“ಅದೀನೋ ಮಾರಾಯ! ಏನ್ ನಡದೈತಿ ಅಲ್ಲಿ?”

ಇನ್ನೊಂದು ಕೈಯೂ ಇಳಿಯಿತು. ಕಚಕ್, ಅದೀಯಾ, ಅದೀನಿ. ಕಚಕ್, ಅದೀಯಾ, ಅದೀನಿ. ಪುಷ್ಪಲತಾ ಎರಡು ಮಾತಿನಲ್ಲಿ ಗಂಡನಿಗೆ ವಿಷಯ ತಿಳಿಸಿದ ಮೇಲೆ ಆ ಕಡೆಯಿಂದ ಬರುವ ‘ಅದೀನಿ’ ಸ್ವಲ್ಪ ದಪ್ಪವಾಯಿತು. ಕೊಟ್ರಪ್ಪನ ಕತ್ತರಿ ಇಷ್ಟು ನಿಧಾನವಾಗಿ ಎಂದೂ ನಡೆದಿರಲಿಲ್ಲ. ಒಂದು ಕಡೆ ಮೆಟ್ಟಿಲಿನಂತೆ ಬಂತು. ಅದೊಂದು ಹೊಸ ನಮೂನೆಯ ಕಟಿಂಗ್ ಎಂದು ಬೆಂಚಿಗೆ ತಿಳಿಸಿದ.

ಕಿವಿಯ ಹತ್ತಿರ ಬಂದಾಗ ಫೋನಿನಿಂದ, “ಪಾಪು, ತಡಿ, ಲೈನ್ ಬಂದ್ ಮಾಡ್ಯಾರ, ಕಂಬ ಹತ್ತಬೇಕು ನಾನು” ಎಂಬ ದನಿ ಬಂತು.

ನಂದೀಶನ ಎರಡೂ ಕೈ ತಲೆಗೇರಿದವು. “ಹತ್ತಬ್ಯಾಡ! ಮುಗಿಯೋತನಕ ಕೆಳಗ ನಿಲ್ಲು!”

“ಆತು, ನಿಂತೆ. ಎರಡೂ ಕಾಲು ನೆಲದ ಮ್ಯಾಲ ಅದಾವು.”

“ಖರೇ?”

“ಖರೇ.”

ವೀರಭದ್ರಯ್ಯನವರು ಎದ್ದು ಬಂದು, ಯಾರೂ ಕೇಳದಿದ್ದರೂ ಕುರಿಯ ಪುಸ್ತಕವನ್ನು ಹುಡುಗನ ಮುಂದೆ ಹಿಡಿದು ಹಾಳೆ ತಿರುವತೊಡಗಿದರು. ಕೊಟ್ರಪ್ಪ ಕಿವಿ ಬಳಸಿ ಬಂದ, ಹಣೆ ಬಿಡಿಸಿದ, ಬ್ರಷ್ಷಿನಿಂದ ಕುತ್ತಿಗೆ ಜಾಡಿಸಿದ. ವರ್ಷದ ಮೇಲೆ ಹುಡುಗನ ಹುಬ್ಬುಗಳು ಹೊರಗೆ ಬಂದವು. ನಂದೀಶ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ನೆಲದ ಮೇಲೆ ಬಿದ್ದ ಕೂದಲು ನೋಡಿದ. ಆಮೇಲೆ ಫೋನನ್ನು ಅವ್ವನ ಕೈಯಿಂದ ತೆಗೆದುಕೊಂಡ.

“ಅಪ್ಪಾ, ಮುಗೀತು. ಇನ್ನ ಬೇಕಾದ್ರ ಕಂಬ ಹತ್ತು.”