ಬೆನ್ನಲ್ಲಿ ಚುಕ್ಕೆಯಿಲ್ಲದ ಜರೀಗಿಡ

ನಾಳೆ ಬೆಳಿಗ್ಗೆ ಒಂಬತ್ತನೇ ತರಗತಿಗೆ ಡೆಮೊ ಪಾಠ, ವಿಷಯ ಸಸ್ಯಗಳ ಗುಂಪುಗಳು ಎಂದು ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದ ಶಾಲೆಯಿಂದ ಫೋನು ಬಂದಾಗಿನಿಂದ ನನಗೆ ಕೈಕಾಲು ಆಡಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಗಂಡನ ಹಿಂದೆ ದೆಹಲಿಗೆ ಬಂದು, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಎಂಟು ವರ್ಷ ಅನ್ನ ಬೇಯಿಸಿದ್ದೆ. ಈ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬಾಯಿಬಿಟ್ಟು ಹೇಳಲೂ ನಾಚಿಕೆಯಾಗುತ್ತಿತ್ತು.

ಗಿಡಗಳನ್ನು ಕಣ್ಣೆದುರು ಇಡದೆ ಪಾಠ ಮಾಡುವುದು ನನ್ನ ಜಾಯಮಾನವಲ್ಲ. ಕೂಲರಿನ ತೊಟ್ಟಿಯಿಂದ ಪಾಚಿ ಬಳಿದೆ. ಬಚ್ಚಲ ಪೈಪು ಸೋರುವ ಗೋಡೆಯಿಂದ ಹಾವಸೆಯನ್ನು ಚಮಚದಲ್ಲಿ ಕೆರೆದೆ. ಹೂ ಬಿಡದೆಯೇ ಬೀಜ ಕಟ್ಟುವ ಗುಂಪಿಗೆ ಪಾರ್ಕಿನ ಮೋರ್‌ಪಂಖಿ ಎಂಬ ಥೂಜಾ ಗಿಡದ ರೆಂಬೆಯಾಯಿತು; ಹೂ ಬಿಡುವುದಕ್ಕೆ, ಬೇರು ಕಾಂಡ ಎಲೆ ಎಲ್ಲ ಕಾಣುವಂತೆ ಬುಡಸಮೇತ ಕಿತ್ತ ನಿತ್ಯಪುಷ್ಪ. ಸಿಗದೇ ಹೋದದ್ದು ಜರೀಗಿಡ ಒಂದೇ. ಆ ಒಣ ಬಿಸಿಲಿನಲ್ಲಿ ಅದು ಎಲ್ಲಿಂದ ಬರಬೇಕು?

"ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದ್ರೆ ಇದೇ ನೋಡು," ಎಂದು ಗಂಡ ಟೀ ಹೀರುತ್ತ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸರೋಜಿನಿ ನಗರದ ಮಾರ್ಕೆಟ್ಟಿಗೆ ಓಡಿ, ಬೊಕೆ ಕಟ್ಟುವವನನ್ನು "ಭಯ್ಯಾ, ಫರ್ನ್ ಹೈ?" ಎಂದು ಕೇಳಿದೆ. ಅವನು ಬಕೆಟ್ಟಿನಿಂದ ನವಿರಾದ ಹಸಿರು ಕಡ್ಡಿಯೊಂದನ್ನು ಎಳೆದು, "ಯಹೀ ತೋ ಹೈ, ಮೇಡಂ," ಎಂದ. ತಿರುಗಿಸಿಯೂ ನೋಡದೆ ತಂದೆ.

ಮರುದಿನ ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ಜರೀಗಿಡ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ, ಅದರ ಎಲೆಯ ಬೆನ್ನಲ್ಲಿ ಕಂದು ಚುಕ್ಕೆಗಳಲ್ಲಿ ಬೀಜಕಣಗಳಿರುತ್ತವೆ ಎಂದು ಹೇಳುತ್ತ ಮುಂದಿನ ಬೆಂಚಿನ ಹುಡುಗಿಗೆ ಆ ಕಡ್ಡಿ ಕೊಡಹೋದೆ. ಆಗ ಕಂಡಿತು, ಕಡ್ಡಿಯ ಸಂದಿಯಲ್ಲಿ ಕಾಳುಮೆಣಸಿನಷ್ಟು ದಪ್ಪದ ಹಸಿರು ಕಾಯಿ. ಅದು ಶತಾವರಿಯ ಬಳಗದ್ದು, ಹೂ ಬಿಡುವ ಗಿಡ! ಕಾಲೇಜಿನಲ್ಲಿ ಓದಿದ್ದ ವಿಷಯವೇ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ. ಕಾಯನ್ನು ಚಿವುಟಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೇ ಕಡ್ಡಿ ಕೊಟ್ಟೆ.

ಹುಡುಗಿ ಅದನ್ನು ಹಿಂದುಮುಂದು ತಿರುಗಿಸಿ, "ಮ್ಯಾಮ್, ಪೀಛೆ ತೋ ಕುಛ್ ನಹೀ ಹೈ," ಎಂದಳು. ಬೆನ್ನಲ್ಲಿ ಏನೂ ಇಲ್ಲವಂತೆ.

"ಬೀಜಕಣ ಎಲ್ಲ ಉದುರಿಹೋಗಿವೆ," ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ, ಹಾಗೆಯೇ ಬರೆದುಕೊಂಡಳು.

ಕೆಲಸ ಸಿಕ್ಕಿತು. ಗಂಡ ಮಿಠಾಯಿ ತಂದರು; ನಾನು ಡಬ್ಬಿ ತೆರೆಯದೆ ಬದಿಗಿಟ್ಟೆ. ಸುಳ್ಳನ್ನು ಆ ಮಗು ಪರೀಕ್ಷೆಯಲ್ಲೂ ಬರೆದರೆ? ಪ್ರಿನ್ಸಿಪಾಲರ ಕಿವಿಗೆ ಬಿದ್ದರೆ ಬೀಳಲಿ ಎಂದುಕೊಂಡು, ಮೊದಲ ದಿನವೇ ತರಗತಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅದು ಜರೀಗಿಡವಲ್ಲ, ಕಾಯಿ ಇತ್ತು, ನಾನೇ ಕಿತ್ತು ಅಡಗಿಸಿದೆ, ಆ ಸಾಲು ಹೊಡೆದುಹಾಕಿ ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು.

ಗಂಟೆ ಹೊಡೆದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: "ನೀವು ಕಾಯಿ ಕಿತ್ತದ್ದು ನನಗೆ ಅವತ್ತೇ ಕಂಡಿತ್ತು, ಮ್ಯಾಮ್. ನಿಮ್ಮ ಕೈ ತುಂಬಾ ನಡುಗ್ತಿತ್ತು. ಅದಕ್ಕೇ ಸುಮ್ಮನಾದೆ."