ಟೊಮೆಟೊ ಎಲೆಯ ಕೆಂಪು

ಹಾಲು ಹಾಕಲು ಬಂದ ಹುಲಿಗೆಮ್ಮ ನನ್ನ ಟೊಮೆಟೊ ಗಿಡದ ಎಲೆಯೊಂದನ್ನು ಸೆರಗಿನಿಂದ ಒರೆಸಿದಳು. ಸೆರಗು ಕೆಂಪಾಯಿತು, ಎಲೆ ಹಸಿರಾಯಿತು.

“ಇದು ರೋಗ ಅಲ್ರಿ ಯಕ್ಕಾ, ಅದಿರಿನ ಧೂಳು. ಎಣ್ಣಿ ಹೊಡದು ನೀವ ಅದನ್ನ ಅಂಟ್ಸೀರಿ.”

ತಿಂಗಳಿಂದ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಿ ನನ್ನ ಕೈ ಸೋತುಹೋಗಿತ್ತು. ಎಲೆ ಕೆಂಪಾದಷ್ಟೂ ರೋಗ ಹೆಚ್ಚಾಯಿತೆಂದು ಮತ್ತಷ್ಟು ಹೊಡೆದಿದ್ದೆ. ಸಂಡೂರಿನ ಈ ಅದಿರು ಲಾರಿಗಳ ರಸ್ತೆಯ ಪಕ್ಕ ಹನ್ನೆರಡು ವರ್ಷದಿಂದ ಇದ್ದೇನೆ. ಕಿಟಕಿ, ಕುರ್ಚಿ, ಟಿವಿ ಎಲ್ಲವನ್ನೂ ದಿನಾ ಒರೆಸುತ್ತೇನೆ. ಗಿಡದ ಮೇಲೆ ಕೂತಾಗ ಮಾತ್ರ ಅದೇ ಧೂಳು ನನಗೆ ರೋಗವಾಗಿ ಕಂಡಿತ್ತು.

ಈಗ ಎಣ್ಣೆ ಬಿಟ್ಟು ಬೆಳಿಗ್ಗೆ ಬರೀ ನೀರಿನಲ್ಲಿ ಎಲೆ ತೊಳೆಯುತ್ತೇನೆ. ಸಂಜೆಗೆ ಮತ್ತೆ ಕೆಂಪು. ನಿನ್ನೆ ಮೊದಲ ಹಣ್ಣು ಕಂಡಿತು. ಆ ಕೆಂಪನ್ನೂ ನಂಬದೆ, ಸೆರಗಿನಿಂದ ಒರೆಸಿ ನೋಡಿದೆ.